ಫೋಟೊ ಕೊಟ್ಟರೆ ಸಾಕಾ, ಸಿಎನ್‌ಸಿ ಕೆತ್ತಿಬಿಡುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮೆಷಿನ್‌ನಲ್ಲಿ, ಮರದ ಉಬ್ಬು ಕೆತ್ತನೆ ಮಾಡಿಸುವ ಪ್ರಶ್ನೆಗಳೇ ಜಾಸ್ತಿ. ಮನೆ ಕಟ್ಟಿಸುತ್ತಿರುವವರು, ಬಡಗಿಗಳು, ಹೊಸದಾಗಿ ರೌಟರ್ (ಮರ ಕೆತ್ತುವ ಸಿಎನ್‌ಸಿ ಮೆಷಿನ್) ಹಾಕಿಕೊಂಡವರು, ಎಲ್ಲರೂ ಬರೆದಿದ್ದಾರೆ. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಾರ್, ನಮ್ಮ ತಾತನ ಹಳೇ ಕಪ್ಪು-ಬಿಳುಪು ಫೋಟೊ ಒಂದಿದೆ. ತೇಗದ ಹಲಗೆ ಮೇಲೆ ಕೆತ್ತಿಸೋಣ ಅಂತ ಹತ್ತಿರದ ಸಿಎನ್‌ಸಿ ಅಂಗಡಿಗೆ ಹೋದೆ. ಜೆಪೆಗ್ ಕೊಡಿ ಸಾಕು ಅಂದರು. ಕೆತ್ತಿದ ಮೇಲೆ ನೋಡಿದರೆ ಮೀಸೆ ಇರಬೇಕಾದ ಕಡೆ ಹಳ್ಳ, ವಿಭೂತಿ ಇದ್ದ ಕಡೆ ದಿಬ್ಬ. ಮೆಷಿನ್ ಸರಿ ಇಲ್ವಾ?
— ವಿಜಯನಗರದ ಓದುಗರು

ಉತ್ತರ: ಮೆಷಿನ್ ಸರಿಯಾಗೇ ಇದೆ. ಅದಕ್ಕೆ ಕೊಟ್ಟ ಫೈಲ್ ಸರಿ ಇಲ್ಲ. ಚಿತ್ರ ಹಾಕಿದರೆ ಕೆತ್ತನೆಯ ಸಾಫ್ಟ್‌ವೇರ್‌ಗೆ ಗೊತ್ತಿರುವುದು ಒಂದೇ ಲೆಕ್ಕ: ಬಿಳಿ ಅಂದರೆ ಎತ್ತರ, ಕಪ್ಪು ಅಂದರೆ ತಗ್ಗು. ಫೋಟೊದಲ್ಲಿರುವ ಕಪ್ಪು-ಬಿಳುಪು ಬೆಳಕಿನದ್ದು, ಎತ್ತರದ್ದಲ್ಲ ಅಲ್ವಾ? ಮೀಸೆ ಕಪ್ಪು, ಅದಕ್ಕೇ ಹಳ್ಳ. ವಿಭೂತಿ ಬಿಳಿ, ಅದಕ್ಕೇ ದಿಬ್ಬ. ಫೋಟೊ ತೆಗೆದಾಗ ಬೆಳಕು ಒಂದು ಪಕ್ಕದಿಂದ ಬಿದ್ದಿದ್ದರೆ ಇನ್ನೊಂದು ಕಡೆಯ ಕೆನ್ನೆಯೂ ಕುಸಿದಿರುತ್ತದೆ, ನೋಡಿ ಬೇಕಾದರೆ.

ಬೇಕಾದದ್ದು ಎತ್ತರದ ನಕ್ಷೆ. ಅದರಲ್ಲಿ ಮೂಗಿನ ತುದಿ ಎಲ್ಲಕ್ಕಿಂತ ಬಿಳಿ, ಕಿವಿ ಬೂದು, ಹಿನ್ನೆಲೆ ಕಪ್ಪು; ಮೀಸೆ ಕಪ್ಪಗಿದ್ದರೂ ತುಟಿಗಿಂತ ಮುಂದಿರುವುದರಿಂದ ನಕ್ಷೆಯಲ್ಲಿ ಬಿಳಿ. ಈಗ ಮಿಡಾಸ್, ಡೆಪ್ತ್ ಎನಿಥಿಂಗ್ ಥರದ ಎಐ ಪ್ರೋಗ್ರಾಂಗಳು ಫೋಟೊ ನೋಡಿ ಯಾವುದು ಮುಂದೆ, ಯಾವುದು ಹಿಂದೆ ಅಂತ ಊಹಿಸಿ ಇಂಥ ನಕ್ಷೆ ಕೊಡುತ್ತವೆ. ಅದನ್ನು ಹಾಗೇ ಮೆಷಿನ್‌ಗೆ ಹಾಕಬೇಡಿ. ಮುಖದ ಒಟ್ಟು ಆಕಾರ ಬರುತ್ತದೆ ನಿಜ, ಆದರೆ ಹಣೆಯ ಗೆರೆ, ರೆಪ್ಪೆ, ತುಟಿಯ ಅಂಚು ಎಲ್ಲ ಸಪಾಟಾಗಿ ಯಾರ ತಾತ ಬೇಕಾದರೂ ಆಗಬಹುದಾದ ಮುಖ ಬರುತ್ತದೆ. ಆ ನಕ್ಷೆಯನ್ನು ಬುಡ ಮಾಡಿಕೊಂಡು ಬ್ಲೆಂಡರ್ ಅಥವಾ ಝಡ್‌ಬ್ರಷ್ ಥರದ ತ್ರೀಡಿ ಪ್ರೋಗ್ರಾಂನಲ್ಲಿ ಕೈಯಾರೆ ಸ್ಕಲ್ಪ್ಟ್ ಮಾಡುವವರೊಬ್ಬರು (ಪರದೆ ಮೇಲೇ ಮೂರ್ತಿ ತಿದ್ದುವವರು) ಬೇಕೇ ಬೇಕು. ಅವರಿಗೆ ಕೊಡುವ ದುಡ್ಡು ದಂಡ ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ ಆಳದ್ದು. ಇಡೀ ತಲೆಯನ್ನು 12 ಮಿ.ಮೀ. ಒಳಗೆ ಕೂರಿಸಬೇಕು. ತ್ರೀಡಿ ಮಾಡೆಲ್ ತಗೊಂಡು ಸುಮ್ನೆ ಎತ್ತರ ಕಮ್ಮಿ ಮಾಡಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಮುಕಿ, ಮೂಗು ಚಪ್ಪಟೆಯಾಗಿ, ಕಣ್ಣು ಮಾಯವಾಗುತ್ತದೆ. ಕಿವಿ, ಭುಜ, ಅಂಗಿಯ ಕಾಲರ್ ಇವಕ್ಕೆ ಸ್ವಲ್ಪವೇ ಆಳ ಕೊಟ್ಟು, ಉಳಿಸಿದ್ದನ್ನು ಮೂಗು, ಕಣ್ಣು, ತುಟಿಗೆ ಹಂಚಬೇಕು. ಸಾಗರ, ಸೊರಬದ ಗುಡಿಗಾರರು ಇದನ್ನು ಕಂಪ್ಯೂಟರ್ ಇಲ್ಲದೆ ಉಳಿಯಲ್ಲೇ ಮಾಡಿಕೊಂಡು ಬಂದಿದ್ದಾರೆ. ಮಾಡೆಲ್ ಮಾಡುವವರಿಗೆ ಆ ಕಣ್ಣು ಇದ್ದರೆ ಅರ್ಧ ಕೆಲಸ ಮುಗಿದಂತೆ.

ನಕ್ಷೆಯನ್ನು ಜೆಪೆಗ್‌ನಲ್ಲಿ ಇಡಬೇಡಿ. ಅದು 8 ಬಿಟ್, ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು ಮಾತ್ರ. 12 ಮಿ.ಮೀ. ಆಳವನ್ನು 256ರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲು ಸುಮಾರು 0.05 ಮಿ.ಮೀ. ಕೆನ್ನೆಯಂಥ ನಯವಾದ ಜಾಗದಲ್ಲಿ ಪಾಲಿಶ್ ಹೊಡೆದ ಮೇಲೆ ಅದು ಗೆರೆ ಗೆರೆಯಾಗಿ ಕಣ್ಣಿಗೆ ಹೊಡೆಯುತ್ತದೆ. 16 ಬಿಟ್‌ನ ಪಿಎನ್‌ಜಿ ಅಥವಾ ಟಿಫ್ ಕೇಳಿ, ಅದರಲ್ಲಿ 65,536 ಮೆಟ್ಟಿಲು. ಜೆಪೆಗ್ ಅನ್ನೇ ಆಮೇಲೆ 16 ಬಿಟ್ ಅಂತ ಸೇವ್ ಮಾಡಿದರೆ ಪ್ರಯೋಜನ ಇಲ್ಲ, ಕಳೆದುಹೋದ ಮೆಟ್ಟಿಲು ವಾಪಸ್ ಬರುವುದಿಲ್ಲ.

ಪ್ರಶ್ನೆ: ದೇವರ ಮನೆ ಬಾಗಿಲಿಗೆ ಗಜಲಕ್ಷ್ಮಿ ಬೇಕಿತ್ತು. ನೆಟ್‌ನಲ್ಲಿ ಒಂದು ಎಸ್‌ಟಿಎಲ್ (ತ್ರೀಡಿ ಮಾಡೆಲ್‌ನ ಫೈಲ್) ಸಿಕ್ಕಿತು, ತುಂಬಾ ಚೆನ್ನಾಗಿದೆ, ಬೇಲೂರಿನ ಕೆತ್ತನೆ ಥರ ಆಳವಾಗಿದೆ. ಅಂಗಡಿಯವರು ತೆರೆದರೆ ಪರದೆ ಮೇಲೆ ಚುಕ್ಕಿ ಅಷ್ಟೇ ಕಾಣಿಸಿತು. ದೊಡ್ಡದು ಮಾಡಿದರೆ ಕಂಪ್ಯೂಟರ್ ನಿಂತೇಹೋಯಿತು.
— ಮಲ್ಲೇಶ್ವರದ ಗೃಹಿಣಿ

ಉತ್ತರ: ಚುಕ್ಕಿಗೆ ಕಾರಣ ಸುಲಭ. ಎಸ್‌ಟಿಎಲ್ ಫೈಲ್‌ನಲ್ಲಿ ಬರೀ ಅಂಕಿ ಇರುತ್ತದೆ, ಅದು ಮಿಲಿಮೀಟರೋ ಮೀಟರೋ ಅಂತ ಬರೆದಿರುವುದಿಲ್ಲ. ಬ್ಲೆಂಡರ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಮಾಡಿದ 0.3 ಅನ್ನೋದನ್ನು ಅಂಗಡಿಯ ಪ್ರೋಗ್ರಾಂ 0.3 ಮಿ.ಮೀ. ಅಂತ ಓದಿದೆ. ಸಾವಿರ ಪಟ್ಟು ಹಿಗ್ಗಿಸಿದರೆ ಸರಿಹೋಗುತ್ತದೆ. ಮಾಡೆಲ್ ಇಂಚಿನಲ್ಲಿದ್ದರೆ 25.4 ಪಟ್ಟು.

ಕಂಪ್ಯೂಟರ್ ನಿಂತದ್ದು ತ್ರಿಕೋನಗಳ ಭಾರಕ್ಕೆ; ಎಸ್‌ಟಿಎಲ್ ಮಾಡೆಲ್ ಪೂರ್ತಿ ಸಣ್ಣ ಸಣ್ಣ ತ್ರಿಕೋನಗಳಿಂದಲೇ ಆಗಿರುತ್ತದೆ. ಬೈನರಿ ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, 10 ಲಕ್ಷ ತ್ರಿಕೋನಕ್ಕೆ 50 ಎಂಬಿ. ಮೆಶ್‌ಲ್ಯಾಬ್‌ನಲ್ಲೋ ಬ್ಲೆಂಡರ್‌ನ ಡೆಸಿಮೇಟ್‌ನಲ್ಲೋ ತ್ರಿಕೋನಗಳ ಸಂಖ್ಯೆ ಇಳಿಸಿ, ಎರಡೂ ಪುಕ್ಕಟೆ. ಆದರೆ ತೀರಾ ಇಳಿಸಿದರೆ ದೇವಿಯ ಕೆನ್ನೆ ಮೇಲೆ ತ್ರಿಕೋನದ ಮುಖಗಳೇ ಕೆತ್ತಿ ಬರುತ್ತವೆ. ಮುಖದ ಕಡೆ ಸಣ್ಣ ತ್ರಿಕೋನ ಉಳಿಸಿ, ಹಿನ್ನೆಲೆಯಲ್ಲಿ ಧಾರಾಳವಾಗಿ ಕಡಿಮೆ ಮಾಡಿ. ಬೆನ್ನ ಕಡೆ ತೂತು ಇದೆ ಅಂತ ಪ್ರೋಗ್ರಾಂ ಗಲಾಟೆ ಮಾಡಿದರೆ ತಲೆ ಕೆಡಿಸಿಕೊಳ್ಳಬೇಡಿ. ತ್ರೀಡಿ ಪ್ರಿಂಟಿಂಗ್‌ಗೆ ಅದು ತೊಂದರೆ, ಮೇಲಿಂದ ಮಾತ್ರ ನೋಡುವ ರೌಟರ್‌ಗೆ ಅಲ್ಲ.

ಆ ಮೇಲಿಂದ ನೋಡೋದೇ ಬೇಲೂರಿನ ಆಸೆಗೆ ಅಡ್ಡಿ. ಮದನಿಕೆಯರ ಆಭರಣದ ಹಿಂದೆಲ್ಲ ಗಾಳಿ ಆಡುತ್ತದೆ, ಯಾಕೆಂದರೆ ಬಳಪದ ಕಲ್ಲಿನಲ್ಲಿ ಉಳಿ ಪಕ್ಕದಿಂದ, ಹಿಂದಿನಿಂದ ಎಲ್ಲಾ ಕಡೆಯಿಂದ ಹೋಗಿದೆ. ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಮಾತ್ರ ಓಡುವ ಮೂರು ಆಕ್ಸಿಸ್‌ನ ಮೆಷಿನ್‌ಗೆ ಅಡಿಗೆ ನುಗ್ಗಲು ಆಗುವುದಿಲ್ಲ. ಹಾಗೆ ಒಳಸರಿದ ಜಾಗವನ್ನೆಲ್ಲ ಅದು ನೇರ ಗೋಡೆಯಾಗಿ ಮಾಡಿಬಿಡುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಆನೆಯ ಸೊಂಡಿಲಿಗೂ ದೇವಿಯ ಕಿರೀಟಕ್ಕೂ ನಡುವಿನ ಸಂದು ನೋಡಿ. ಅದು ಕಿರಿದಾಗಿ, ಹಿನ್ನೆಲೆವರೆಗೂ ಇಳಿದಿದ್ದರೆ ಮೊನಚು ಬಿಟ್ (ಮೆಷಿನ್‌ನ ಕೊರೆಯುವ ಉಳಿ) ಕೂಡ ತಳ ಮುಟ್ಟುವುದಿಲ್ಲ, ಜೋರು ಮಾಡಿದರೆ ಬಿಟ್ ಮುರಿಯುತ್ತದೆ. ಆ ಸಂದಿನ ತಳವನ್ನು ಮೇಲೆತ್ತಿ, ಗೋಡೆಗಳಿಗೆ ಸ್ವಲ್ಪ ಇಳಿಜಾರು ಕೊಡಿಸಿ. ಎದುರು ನಿಂತು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಸೊಂಡಿಲ ಅಡಿಯ ನೆರಳು ಬೇಕೇ ಬೇಕು ಅಂದರೆ ಕೊನೆಗೆ ಬಡಗಿಯ ಕೈಲಿ ಉಳಿ ಹಿಡಿಸಿ ಅಲ್ಲಿ ಕೆರೆಸಿ.

ಪ್ರಶ್ನೆ: ಗಿರಾಕಿ 12 ಇಂಚು, 18 ಇಂಚಿನ ಒಂದು ಪ್ಯಾನೆಲ್‌ಗೆ ನಾಲ್ಕು ಗಂಟೆ ಯಾಕೆ ಅಂತ ಜಗಳಕ್ಕೆ ಬರುತ್ತಾರೆ. ಹೇಗೆ ಹೇಳೋದು?
— ಪೀಣ್ಯದ ಓದುಗರು, ಸ್ವಂತ ರೌಟರ್ ಇದೆ

ಉತ್ತರ: ಲೆಕ್ಕ ಬರೆದು ತೋರಿಸಿ. ಅದು ಹೆಚ್ಚುಕಡಿಮೆ 300 ಮತ್ತು 450 ಮಿ.ಮೀ. ಫಿನಿಶಿಂಗ್‌ನಲ್ಲಿ, ಅಂದರೆ ಕೊನೆಯ ನಯವಾದ ಕೆತ್ತನೆಯಲ್ಲಿ, ಬಿಟ್ ಗೆರೆಯಿಂದ ಗೆರೆಗೆ 0.3 ಮಿ.ಮೀ. ಸರಿದರೆ 1,000 ಗೆರೆ, ಒಂದೊಂದು 450 ಮಿ.ಮೀ., ಒಟ್ಟು 450 ಮೀಟರ್. ನಿಮಿಷಕ್ಕೆ 2 ಮೀಟರ್ ವೇಗ ಅಂದರೂ 225 ನಿಮಿಷ, ಮೊದಲು ಹೆಚ್ಚಿನ ಮರ ತೆಗೆಯುವ ರಫಿಂಗ್ ಬೇರೆ.

ಆದರೆ ಗಿರಾಕಿ ಕೇಳುವುದರಲ್ಲೂ ಅರ್ಥ ಇದೆ. 3 ಮಿ.ಮೀ. ಬಾಲ್‌ನೋಸ್‌ನಲ್ಲಿ (ತುದಿ ದುಂಡಗಿರುವ ಬಿಟ್) 0.3 ಸರಿದರೆ ಗೆರೆಗಳ ನಡುವೆ ಉಳಿಯುವ ದಿಣ್ಣೆ ಸುಮಾರು 0.0075 ಮಿ.ಮೀ. 0.6 ಸರಿದರೆ 0.03. ನಾಲ್ಕು ಪಟ್ಟು ಆಯಿತು ನಿಜ, ಆದರೆ ಸಮಯ ಅರ್ಧ. ತೇಗದ ಮೇಲೆ ಎಮರಿ ಪೇಪರ್ ಹೊಡೆದೇ ಹೊಡೆಯುತ್ತೀರಿ, ಹಿನ್ನೆಲೆಗೂ ಬಳ್ಳಿಗೂ 0.6 ಸಾಕು. ಮುಖ, ಕೈಗಳಿಗೆ ಬೇರೆ ಗಡಿ ಹಾಕಿ 0.3 ಕೊಡಿ. ಕಡಿದಾದ ಇಳಿಜಾರಿನಲ್ಲಿ ದಿಣ್ಣೆ ಇದಕ್ಕಿಂತ ಜಾಸ್ತಿ ಕಾಣುತ್ತದೆ, ಅಲ್ಲಿ ಜಿಪುಣತನ ಬೇಡ.

ಪ್ರಶ್ನೆ: ಗೇಟಿನ ಬೋರ್ಡಿಗೆ "ಮಾತೃಶ್ರೀ" ಅಂತ ಟೈಪ್ ಮಾಡಿದರೆ ಒತ್ತು ಬೇರೆ, ಅಕ್ಷರ ಬೇರೆ ಆಗಿ ಒಡೆದು ಬರುತ್ತದೆ.
— ಬಸವನಗುಡಿಯ ಓದುಗರು

ಉತ್ತರ: ಕೆತ್ತನೆಯ ಎಷ್ಟೋ ಪ್ರೋಗ್ರಾಂಗಳಿಗೆ ಕನ್ನಡ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಅಲ್ಲಿ ಟೈಪ್ ಮಾಡಲೇಬೇಡಿ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಆಬ್ಜೆಕ್ಟ್ ಟು ಪಾತ್ (ಅಕ್ಷರವನ್ನು ಗೆರೆಯಾಗಿ ಬದಲಿಸುವುದು) ಕೊಟ್ಟು, ಅನ್‌ಗ್ರೂಪ್ ಮಾಡಿ, ಆಮೇಲೆ ಎಲ್ಲವನ್ನೂ ಒಂದೇ ಆಕಾರ ಮಾಡುವ ಯೂನಿಯನ್ ಕೊಡಿ. ಈ ಯೂನಿಯನ್ ಮರೆತರೆ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ಮೆಷಿನ್ ಬೇರೆ ಬೇರೆ ಆಕಾರ ಅಂದುಕೊಂಡು ಅಕ್ಷರದ ಮಧ್ಯೆಯೇ ಗೀರು ಹಾಕುತ್ತದೆ. ಹಳೇ ನುಡಿ ಫಾಂಟುಗಳಲ್ಲಿ ಅಕ್ಷರ ತುಂಡು ತುಂಡಾಗೇ ಇರುವುದರಿಂದ ಅಲ್ಲಿ ಇನ್ನೂ ಹುಷಾರು. ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಫೈಲ್ ಮಾಡಿ ಕೊಡಿ.

ಫಾಂಟ್ ದಪ್ಪಗಿರಲಿ. "ಬಾಲೂ ತಮ್ಮ" ಥರದ ಮೂಲೆ ದುಂಡಗಿರುವ ಫಾಂಟ್ ದುಂಡು ಬಿಟ್‌ಗೆ ಚೆನ್ನಾಗಿ ಹೊಂದುತ್ತದೆ. "ತೃ"ವಿನ ಕೆಳಗಿನ ಸುಳಿಯ ಒಳಗೆ ಎಷ್ಟು ಜಾಗ ಇದೆ ಅಂತ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ. ಅದು ಬಿಟ್‌ನ ತುದಿಗಿಂತ ಕಿರಿದಾಗಿದ್ದರೆ ಸುಳಿ ಮುಚ್ಚಿಕೊಂಡು ಬರುತ್ತದೆ.

ಪ್ರಶ್ನೆ: ಒಂದು ಇಂಚು ಹಲಗೆ ತಂದಿದ್ದೇನೆ, ಮಾಡೆಲ್ 20 ಮಿ.ಮೀ. ಆಳ ಇದೆ. ಆಗುತ್ತಾ?
— ಮೈಸೂರು ರಸ್ತೆಯ ಬಡಗಿ

ಉತ್ತರ: ಬೇಡ. ಕೊಯ್ದ ಒಂದಿಂಚು ಪ್ಲೇನಿಂಗ್ ಮಾಡಿದ ಮೇಲೆ ಪೂರ್ತಿ 25 ಮಿ.ಮೀ. ಉಳಿಯುವುದಿಲ್ಲ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 10ರಿಂದ 12 ಮಿ.ಮೀ. ಆಳಕ್ಕೆ ಮಾಡೆಲ್ ಇಳಿಸಿ, ಅಡಿಯಲ್ಲಿ ಅಷ್ಟೇ ಮರ ಉಳಿಯಲಿ. ಒಂದೇ ಮುಖದಿಂದ ಮರ ತೆಗೆದರೆ, ಅದರಲ್ಲೂ ಸರಿಯಾಗಿ ಒಣಗದ ಹಲಗೆ ಆದರೆ, ಸೊಟ್ಟ ತಿರುಗುತ್ತದೆ. ಪ್ಲೇನಿಂಗ್ ಮೊದಲೇ ಮಾಡಿಸಿ, ನಾಲ್ಕೂ ಮೂಲೆಯಲ್ಲಿ ಕ್ಯಾಲಿಪರ್ ಇಟ್ಟು ಅಳೆದು, ಅದರಲ್ಲಿ ಕಡಿಮೆ ಬಂದ ಅಳತೆಯನ್ನೇ ಮಾಡೆಲ್ ಮಾಡುವವರಿಗೆ ಹೇಳಿ.