ಶುಂಠಿ ಸೋಡಾ ಕೆಗ್: ಗ್ಲಾಸ್ ತುಂಬಾ ಬರೀ ನೊರೆ ಏಕೆ?

ಪ್ರಶ್ನೆ: ಹುಬ್ಬಳ್ಳಿಯ ಮನೆಯಲ್ಲಿ 19 ಲೀಟರಿನ ಸ್ಟೀಲ್ ಕೆಗ್‌ಗೆ (ಒತ್ತಡ ತಡೆಯುವ ಮುಚ್ಚಿದ ಡಬ್ಬಿ) ಕಾರ್ಬನ್ ಡೈಆಕ್ಸೈಡ್ ಕೊಟ್ಟು ಶುಂಠಿ ಸೋಡಾ ಹಿಡಿಯುತ್ತಿದ್ದೇನೆ. ನಲ್ಲಿ ತಿರುಗಿಸಿದರೆ ನೊರೆಯೇ ಬರುತ್ತದೆ.

ಉತ್ತರ: ಹೆಚ್ಚಾಗಿ ತಪ್ಪು ಕೆಗ್‌ನಿಂದ ನಲ್ಲಿಗೆ ಹೋಗುವ ಪೈಪಿನದು. 4 ಡಿಗ್ರಿಯಲ್ಲಿ 30 ಪಿಎಸ್‌ಐ (ಒತ್ತಡದ ಅಳತೆ, ಸುಮಾರು 2 ಬಾರ್) ಕೊಟ್ಟರೆ ಸೋಡಾಕ್ಕೆ ಬೇಕಾದಷ್ಟು ಗ್ಯಾಸ್ ಹಿಡಿಯುತ್ತದೆ. ಆದರೆ ಆ ಒತ್ತಡ ನಲ್ಲಿಯ ಬಾಯಲ್ಲಿ ಒಮ್ಮೆಲೇ ಇಳಿದರೆ ಗ್ಯಾಸ್ ಸಿಡಿದು ನೊರೆಯಾಗುತ್ತದೆ. ಪೈಪಿನೊಳಗಿನ ಘರ್ಷಣೆಯಲ್ಲಿ ಅದು ನಿಧಾನವಾಗಿ ಇಳಿಯಬೇಕು. ಒಳವ್ಯಾಸ 5 ಮಿ.ಮೀ. ಇರುವ ಫುಡ್‌ಗ್ರೇಡ್ ಪೈಪನ್ನು 7–8 ಮೀಟರ್ ಹಾಕಿ, ಸುರುಳಿ ಸುತ್ತಿ ಫ್ರಿಜ್‌ನೊಳಗೇ ಇಡಿ. ಉದ್ದ ಜಾಸ್ತಿಯಾದರೆ ಧಾರೆ ನಿಧಾನವಾಗುತ್ತದೆ, ಅಷ್ಟೇ, ಆಮೇಲೆ ಕತ್ತರಿಸಬಹುದು. ನಮ್ಮ ಏಪ್ರಿಲ್ ಬಿಸಿಲಿಗೆ ಹೊರಗಿರುವ ನಲ್ಲಿ ಕಾದಿರುತ್ತದೆ, ಮೊದಲ ಗ್ಲಾಸಿನ ನೊರೆಗೆ ಅದೇ ಕಾರಣ. ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ನೊರೆ ಇನ್ನೂ ಹೆಚ್ಚು.

ಸಿಲಿಂಡರ್‌ನ ಗ್ಯಾಸ್ ಒತ್ತಡ ಇಳಿಸಿ ಕೆಗ್‌ಗೆ ಕೊಡುವ ರೆಗ್ಯುಲೇಟರ್ ನೋಡಿಕೊಳ್ಳಿ. ವೆಲ್ಡಿಂಗ್‌ನವರ ರೆಗ್ಯುಲೇಟರ್‌ನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಹರಿವಿನ ಗುರುತು ಇರುತ್ತದೆ, ಒತ್ತಡದ್ದಲ್ಲ. ಅದು ಇಲ್ಲಿ ಬೇಡ. ಸಿಲಿಂಡರ್ ಒಳಗೆ 20 ಡಿಗ್ರಿಯಲ್ಲೇ ಸುಮಾರು 57 ಬಾರ್ ಇರುತ್ತದೆ, ಹಾಗಾಗಿ ರೆಗ್ಯುಲೇಟರ್ ಇಲ್ಲದೆ ನೇರ ಜೋಡಣೆ ಎಂದರೆ ಬಾಂಬ್. ಸೇಫ್ಟಿ ವಾಲ್ವ್ ಇಲ್ಲದ ಕೆಗ್, ಪಿವಿಸಿ ಪೈಪಿನಿಂದ ಮಾಡಿದ ಟ್ಯಾಂಕ್ ಎರಡೂ ಬೇಡ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಸಿಲಿಂಡರ್ ಗಾಳಿಯಾಡುವ ಜಾಗದಲ್ಲಿ, ನೆಟ್ಟಗೆ ಕಟ್ಟಿ ನಿಲ್ಲಿಸಿರಲಿ.

ಇದರಲ್ಲೇ ಬಿಯರ್ ಹಿಡಿಯಲು ಒತ್ತಡ 12 ಪಿಎಸ್‌ಐ ಸಾಕು, ಆದರೆ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ.