ಹಳೆಯ ಸಿಟ್‌ಕಾಮ್ ನೋಡಿ ಮಗಳು ಯಾಕೆ ನಗಲಿಲ್ಲ?

ಉಡುಪಿಯಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ, ಬೇರೆ ಬೇರೆ ದೇಶದವರು ಇಂಗ್ಲಿಷ್ ಕಲಿಯುವ ತರಗತಿಯ ಬ್ರಿಟಿಷ್ ಹಾಸ್ಯ ಸರಣಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ತೋರಿಸಿದ್ರೆ ಅವಳು ನಗಲೇ ಇಲ್ಲ, ಅದರಲ್ಲಿ ಈಗ ನಗು ಉಳಿದಿದೆಯಾ ಅಂತ ಕೇಳಿದ್ದೀರಿ.

ಸ್ವಲ್ಪ ಉಳಿದಿದೆ ಮಾರಾಯ್ರೆ. ಆ ತರಗತಿಯ ಪಾಕಿಸ್ತಾನಿ ವಿದ್ಯಾರ್ಥಿ ಅಲಿ ಪ್ರಶ್ನೆಯನ್ನೇ ತಪ್ಪು ತಿಳಿದು, ಪೂರ್ತಿ ಧೈರ್ಯದಿಂದ ಉತ್ತರ ಕೊಡುವಾಗ ನನಗೆ ಇವತ್ತಿಗೂ ನಗು ತಡೆಯುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಒಂದೇ ಬಸ್ಸಲ್ಲಿ ಕೇಳುವ ಮಂಗಳೂರಿನಲ್ಲಿ ಇಂಥ ಎಡವಟ್ಟು ದಿನಾ ಉಂಟು. ಆದರೆ ಜಪಾನಿನವನು ಅಂದ್ರೆ ಮಾತಿಗೊಮ್ಮೆ ಬಗ್ಗಬೇಕು ಅನ್ನುವಂಥದ್ದು? ಅಲ್ಲಿ ಮನುಷ್ಯನೇ ಇಲ್ಲ, ಬರೀ ದೇಶದ ಹಣೆಪಟ್ಟಿ. ಮಗಳಿಗೆ ಹಿಡಿಸದ್ದು ಅದೇ ಇರಬೇಕು.

ಈಗಿನ ಮಕ್ಕಳಿಗೆ ಎಲ್ಲದಕ್ಕೂ ಬೇಜಾರು ಅಂತ ಮಾತ್ರ ಹೇಳಬೇಡಿ. 1977ರಲ್ಲಿ ಶುರುವಾದ ಈ ಸರಣಿಯನ್ನು, ಜನ ನೋಡ್ತಿರುವಾಗಲೇ, ಅದನ್ನು ತಯಾರಿಸಿದ ಲಂಡನ್ ವೀಕೆಂಡ್ ಟೆಲಿವಿಷನ್ನಿನ ಕಾರ್ಯಕ್ರಮಗಳ ಮುಖ್ಯಸ್ಥ ಮೈಕಲ್ ಗ್ರೇಡ್ ನಿಲ್ಲಿಸಿದ್ದು ಇಂಥ ಹಣೆಪಟ್ಟಿ ತಮಾಷೆಯ ಕಾರಣಕ್ಕೇ.

ಒಂದು ಹೋಟೆಲಿನಲ್ಲಿ ನಡೆಯುವ ಇನ್ನೊಂದು ಬ್ರಿಟಿಷ್ ಹಾಸ್ಯ ಸರಣಿ ‘ಫಾಲ್ಟಿ ಟವರ್ಸ್’ ಬೇರೆ ಕತೆ. 1975ರ ಜರ್ಮನ್ ಅತಿಥಿಗಳ ಕಂತನ್ನು, ಅದರಲ್ಲಿ ಹೋಟೆಲಿನಲ್ಲೇ ವಾಸವಿರುವ ಮುದುಕ ಮೇಜರ್ ಆಡುವ ಜನಾಂಗೀಯ ಮಾತುಗಳಿಗಾಗಿ, ಬ್ರಿಟನ್ನಿನ ಟಿವಿ ಸಂಸ್ಥೆ ಯುಕೆಟಿವಿ 2020ರಲ್ಲಿ ತೆಗೆದು, ಮತ್ತೆ ಎಚ್ಚರಿಕೆ ಸಾಲಿನ ಜೊತೆ ಹಾಕಿತು. ಆ ಮಾತುಗಳು ಕಿವಿಗೆ ಚುಚ್ಚುತ್ತವೆ, ನಿಜ. ಆದರೂ ಅಲ್ಲಿ ಮಾನ ಹೋಗುವುದು ಜರ್ಮನ್ನರದ್ದಲ್ಲ, ಹೋಟೆಲ್ ಮಾಲಕ ಬೇಸಿಲ್‌ನದ್ದು. ಅದಕ್ಕೇ ಅದು ಇನ್ನೂ ನಗಿಸ್ತದೆ.

ನಮ್ಮ ತುಳು ನಾಟಕಗಳಲ್ಲೂ ಕಪ್ಪು ಬಣ್ಣ, ದಪ್ಪ ಮೈ ಅಂತ ತಮಾಷೆ ಬಂದಾಗ ನನಗೆ ಕಸಿವಿಸಿ ಆಗ್ತದೆ. ಮಗಳ ಹತ್ರ ಕೇಳಿ ನೋಡಿ, ಯಾವ ದೃಶ್ಯದಲ್ಲಿ ಅವಳಿಗೆ ಬೇಸರ ಆಯ್ತು ಅಂತ. ಮುಂದಿನ ಸಲ ಬೇಸಿಲ್‌ನನ್ನು ತೋರಿಸಿ.