ಬೆನ್ನು ತಟ್ಟುವವರು ಬಹಳ, ಕುರ್ಚಿ ಮಾತ್ರ ಇಲ್ಲ

ಪ್ರಶ್ನೆ: ದೆಹಲಿಗೆ ಬಂದ ವಿದೇಶಿ ನಾಯಕರೆಲ್ಲ ‘ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಸಿಗಬೇಕು’ ಎಂದು ಹೇಳಿ ಹೋಗುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಇದನ್ನೇ ಓದಿದ್ದೆ, ಈಗ ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅಡ್ಡಗಾಲು ಹಾಕುತ್ತಿರುವುದು ಯಾರು? (ಓದುಗರು, ಬಸವನಗುಡಿ)

ಉತ್ತರ: ನಮ್ಮ ಅಪಾರ್ಟ್‌ಮೆಂಟಿನ ಕಥೆ ಹೇಳುತ್ತೇನೆ, ಬೇಜಾರಾಗಬೇಡಿ. ಬೈಲಾ ತಿದ್ದೋಣ ಎಂದಾಗ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ಭಾನುವಾರ ಬೆಳಿಗ್ಗೆ ಸಹಿ ಹಾಕಲು ಕೆಳಗೆ ಇಳಿದು ಬಂದವರು ಏಳೇ ಜನ. ಜಂಟಿ ಹೇಳಿಕೆ ಅಂದರೆ ಆ ಹೆಬ್ಬೆರಳು. ಖರ್ಚಿಲ್ಲ.

ಸಹಿಯ ಲೆಕ್ಕ ಬೇರೆ. ವಿಶ್ವಸಂಸ್ಥೆಯ ಸನ್ನದು ತಿದ್ದಬೇಕಾದರೆ 193 ದೇಶಗಳಲ್ಲಿ ಮೂರನೇ ಎರಡರಷ್ಟು, ಅಂದರೆ 129 ಮತ ಬೇಕು. ಆಮೇಲೆ ಅಷ್ಟೇ ದೇಶಗಳು ತಮ್ಮ ತಮ್ಮ ಮನೆಯಲ್ಲೂ ಒಪ್ಪಿಗೆ ಪಡೆಯಬೇಕು, ಅದರಲ್ಲಿ ಐದು ಕಾಯಂ ಸದಸ್ಯರೂ ಇರಲೇಬೇಕು. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ನಮಗೆ ಬಾಯಿಮಾತಿನ ಬೆಂಬಲ ಕೊಟ್ಟಾಗಿದೆ. ಚೀನಾ ಕೊಟ್ಟಿಲ್ಲ.

ಆದರೆ ಚೀನಾ ಒಂದನ್ನೇ ಬೈದು ಸುಮ್ಮನಾದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಸೇರಿ ಜಿ-4 ಅಂತ ಗುಂಪು ಕಟ್ಟಿಕೊಂಡಿವೆ, ನಿನಗೆ ನಾನು, ನನಗೆ ನೀನು ಅಂತ. ತೊಂದರೆ ಏನೆಂದರೆ ಈ ನಾಲ್ವರಿಗೂ ಪಕ್ಕದಲ್ಲಿ ಒಬ್ಬರಾದರೂ ಮುಖ ಸಿಂಡರಿಸುವವರು ಇದ್ದಾರೆ. ನಮಗೆ ಪಾಕಿಸ್ತಾನ, ಜರ್ಮನಿಗೆ ಇಟಲಿ, ಬ್ರೆಜಿಲ್‌ಗೆ ಅರ್ಜೆಂಟೀನಾ, ಜಪಾನಿಗೆ ದಕ್ಷಿಣ ಕೊರಿಯಾ. ಅವರೆಲ್ಲ ಸೇರಿ ಇನ್ನೊಂದು ಗುಂಪು! ಅದಕ್ಕೆ ‘ಕಾಫಿ ಕ್ಲಬ್’ ಎಂಬ ಅಡ್ಡಹೆಸರು. (ನಮ್ಮ ಗಾಂಧಿಬಜಾರಿನ ಬೈಟು ಗಿರಾಕಿಗಳಿಗೂ ಇದಕ್ಕೂ ಸಂಬಂಧವಿಲ್ಲ.)

2005ರಲ್ಲಿ ಸ್ವಲ್ಪ ಹತ್ತಿರ ಬಂದಿದ್ದೆವು. ಮಂಡಳಿಯನ್ನು 15ರಿಂದ 25ಕ್ಕೆ ಏರಿಸೋಣ, ಆರು ಹೊಸ ಕಾಯಂ ಸ್ಥಾನ ಇರಲಿ, ಹೊಸಬರು 15 ವರ್ಷ ವೀಟೋ (ಒಬ್ಬರೇ ‘ಬೇಡ’ ಅಂದು ನಿರ್ಣಯ ತಡೆಯುವ ಅಧಿಕಾರ) ಬಳಸುವುದು ಬೇಡ ಎಂದು ಜಿ-4 ನಿರ್ಣಯ ಬರೆಯಿತು. ಆ ಆರರಲ್ಲಿ ಎರಡು ಆಫ್ರಿಕಕ್ಕೆ. ಆಫ್ರಿಕದ ದೇಶಗಳು ಕೈಜೋಡಿಸಿದ್ದರೆ ಎಲ್ಲ ದೇಶಗಳೂ ಕೂರುವ ಸಾಮಾನ್ಯ ಸಭೆಯಲ್ಲಿ ಮತಗಳ ರಾಶಿಯೇ ಬೀಳುತ್ತಿತ್ತು, ಆದರೆ ‘ಸ್ಥಾನ ಕೊಟ್ಟರೆ ವೀಟೋನೂ ಕೊಡಿ’ ಎಂದು ಅವರು ಪಟ್ಟು ಹಿಡಿದರು. ನಿರ್ಣಯ ಮತಕ್ಕೇ ಹೋಗಲಿಲ್ಲ. ನಮ್ಮನ್ನು ತಡೆದದ್ದು ಶತ್ರುಗಳಷ್ಟೇ ಅಲ್ಲ, ನಮ್ಮದೇ ಮಾತು ಆಡುತ್ತಿದ್ದವರ ಜೊತೆ ಒಂದು ಸಾಲಿನ ಮೇಲೆ ಆಗದ ಒಪ್ಪಂದವೂ ಹೌದು ಅಂತ ನನಗೆ ಅನಿಸುತ್ತದೆ. 2009ರಿಂದ ಸರ್ಕಾರಗಳ ನಡುವೆ ಮಾತುಕತೆ ನಡೆದೇ ಇದೆ. ಎದುರಿಗೆ ಒಂದು ಕರಡು ಇಟ್ಟುಕೊಂಡು ಮಾತಾಡೋಣ ಅನ್ನುವುದು ಭಾರತದ ಹಳೆಯ ಬೇಡಿಕೆ. ಕಾಗದವೇ ಇಲ್ಲದೆ ತಿದ್ದುವುದು ಏನನ್ನು, ಅಲ್ವಾ?

ಪ್ರಶ್ನೆ: 2023ರಲ್ಲಿ ನಮ್ಮ ಬೆಂಗಳೂರಲ್ಲೇ ಜಿ-20 ಹಣಕಾಸು ಸಚಿವರ ಸಭೆ ನಡೆಯಿತು. ಏನಾದರೂ ಬದಲಾಯಿತಾ? (ವಿದ್ಯಾರ್ಥಿನಿ, ವಿಜಯನಗರ)

ಉತ್ತರ: ಫೆಬ್ರವರಿಯ ಆ ಸಭೆ ಜಂಟಿ ಹೇಳಿಕೆಯೇ ಇಲ್ಲದೆ ಮುಗಿಯಿತು. ಉಕ್ರೇನ್ ಯುದ್ಧದ ಬಗ್ಗೆ ಇದ್ದ ಎರಡು ಪ್ಯಾರಾಗಳಿಗೆ ರಷ್ಯಾ, ಚೀನಾ ಒಪ್ಪಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಆಫ್ರಿಕನ್ ಒಕ್ಕೂಟವನ್ನು ಜಿ-20ಕ್ಕೆ ಸೇರಿಸಿಕೊಂಡರು, ಅದು ದೊಡ್ಡದೇ. ಅಲ್ಲಿ ಸನ್ನದು ತಿದ್ದಬೇಕಿಲ್ಲ, ಕೂತವರೆಲ್ಲ ಹೂಂ ಅಂದರೆ ಸಾಕು. ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹಾಗಲ್ಲ. ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು, ಅಮೆರಿಕ ಒಂದರ ಕೈಯಲ್ಲೇ ಶೇ 16ಕ್ಕಿಂತ ಜಾಸ್ತಿ ಇದೆ, ಅಂದರೆ ಅದು ಒಲ್ಲೆ ಅಂದರೆ ಮುಗಿಯಿತು. 2010ರಲ್ಲಿ ಒಪ್ಪಿದ್ದ ಕೋಟಾ (ಯಾವ ದೇಶಕ್ಕೆ ಎಷ್ಟು ಪಾಲು ಅನ್ನುವ ಲೆಕ್ಕ) ಬದಲಾವಣೆ ಅಮೆರಿಕದ ಸಂಸತ್ತು ತಡ ಮಾಡಿದ್ದರಿಂದ 2016ರಲ್ಲಿ ಜಾರಿಗೆ ಬಂತು.

ಪ್ರಶ್ನೆ: ವೀಟೋ ಬೇಡ, ಸೀಟು ಮಾತ್ರ ಕೊಡಿ ಎಂದರೆ ಏನು ನಷ್ಟ? (ನಿವೃತ್ತ ಶಿಕ್ಷಕರು, ಮಲ್ಲೇಶ್ವರ)

ಉತ್ತರ: ಮೇಷ್ಟ್ರೇ, ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಕಾಯಂ ಅಲ್ಲದ ಸದಸ್ಯರಾಗಿ, ಎರಡೆರಡು ವರ್ಷದ ಬಾಡಿಗೆದಾರರ ಹಾಗೆ, ಎಂಟು ಸಲ ಹೋಗಿ ಬಂದಿದ್ದೇವೆ, ಕೊನೆಯ ಸಲ 2021-22ರಲ್ಲಿ, ಅದೂ ಚಲಾವಣೆಯಾದ 192ರಲ್ಲಿ 184 ಮತ ಪಡೆದು. ಆದರೆ ಕಾಯಂ ಸದಸ್ಯರಲ್ಲಿ ಹಳಬರು, ಹೊಸಬರು ಅನ್ನುವ ಎರಡು ಜಾತಿ ಬೇಡ ಅನ್ನುವುದು ದೆಹಲಿಯ ವಾದ.